ಊದಿದರೆ ತೆರೆಯುವ ಬೀಗ

ನಾನು ಒಂದು ಬೀಗ. ಆದರೆ ನನಗೆ ಕೀಲಿಕೈ ಇಲ್ಲ. ನನ್ನನ್ನು ತೆರೆಯುವುದು ಮನುಷ್ಯನ ಉಸಿರು. ಗಾಡಿ ಹತ್ತಿದವನು ಮೊದಲು ನನ್ನ ಕೊಳವೆಗೆ ಬಾಯಿಟ್ಟು ಊದಬೇಕು. ಆ ಉಸಿರಿನಲ್ಲಿ ಮದ್ಯದ ಸುಳಿವಿಲ್ಲದಿದ್ದರೆ ಹಸಿರು ದೀಪ ಹೊತ್ತಿಸಿ ಎಂಜಿನ್ನಿಗೆ ದಾರಿ ಬಿಡುತ್ತೇನೆ. ಇದ್ದರೆ ಕೆಂಪು ದೀಪ. ಆಮೇಲೆ ಎಷ್ಟು ಸಲ ಕೀಲಿ ತಿರುಗಿಸಿದರೂ ಗಾಡಿ ಮಿಸುಕುವುದಿಲ್ಲ.

ನಾನು ಕಣ್ಣು ಬಿಟ್ಟದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ಅಂಗೈಯಷ್ಟು ಕಪ್ಪು ಮೈ, ಸುರುಳಿ ಸುತ್ತಿದ ವೈರಿನ ಬಾಲ, ಬಿಳಿ ಕೊಳವೆಯ ಬಾಯಿ. ಹೊಟ್ಟೆಯೊಳಗೆ ಉಗುರಿನಷ್ಟು ಗಾತ್ರದ ಲೋಹದ ಪದರ. ಮದ್ಯದ ಆವಿ ಸೋಕಿದರೆ ಅಲ್ಲಿ ಸಣ್ಣದೊಂದು ಮಿಂಚು ಹರಿಯುತ್ತದೆ. ನನ್ನ ವಿದ್ಯೆಯೆಲ್ಲ ಅಷ್ಟೇ. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳೊಬ್ಬಳು ನನಗೆ ಮೊದಲ ಉಸಿರು ಕೊಟ್ಟಳು. ಬರೀ ಊದಿದರೆ ಸಾಲದು. ಊದುತ್ತಲೇ ಗಂಟಲಿನಿಂದ ‘ಹೂಂ’ ಎಂಬ ನಾದವನ್ನೂ ಹೊರಡಿಸಬೇಕು. ಬಲೂನಿನ ಗಾಳಿ ಬಿಟ್ಟೋ ಪಂಪು ಒತ್ತಿಯೋ ಯಾರೂ ನನ್ನನ್ನು ಮೋಸಗೊಳಿಸಬಾರದೆಂದು ಹಾಗೆ ಮಾಡಿದ್ದಾರೆ. ನಾದವಿಲ್ಲದ ಗಾಳಿ ನನಗೆ ಉಸಿರೇ ಅಲ್ಲ. ಹೀಗೆ ಹುಟ್ಟಿನಿಂದಲೇ ನಾನು ಕೇಳುಗನಾದೆ.

ಕೆಲವು ಕಾಲ ಹುಬ್ಬಳ್ಳಿಯ ಪ್ರವಾಸಿ ಬಸ್ಸೊಂದರಲ್ಲಿದ್ದೆ. ಆ ಕಂಪನಿ ಮುಚ್ಚಿತು. ನನ್ನನ್ನು ಕಳಚಿ ಶೆಡ್ಡಿನ ಮೂಲೆಗೆ ಹಾಕಿದರು. ಅಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ವಿರೂಪಾಕ್ಷಿ ಒಂದು ದಿನ ನನ್ನನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಗದಗದ ಕಡೆಯ ಒಂದು ಎರೆಹೊಲದ ಹಳ್ಳಿಗೆ, ತನ್ನ ಅಕ್ಕ ಪಾರವ್ವನ ಮನೆಗೆ ತಂದ.

ಪಾರವ್ವನ ಗಂಡ ಮಡಿವಾಳಪ್ಪನಿಗೆ ಒಂದು ಬಾಡಿಗೆ ಜೀಪಿತ್ತು. ಅವನು ಊರಿನ ಭಜನಾ ಮೇಳದ ಮುಂದಾಳು ಹಾಡುಗಾರನೂ ಹೌದು. ಒಂದು ಸಲ ಪಕ್ಕದ ಊರಿನ ಭಜನೆ ಮುಗಿಸಿ, ಕುಡಿದು, ಮೇಳದವರನ್ನೆಲ್ಲ ಹೇರಿಕೊಂಡು ಬರುವಾಗ ಜೀಪನ್ನು ರಸ್ತೆ ಪಕ್ಕದ ತಗ್ಗಿಗೆ ಕೆಡವಿದ್ದ. ತಾಳ ಹಾಕುವ ಬಸಲಿಂಗಪ್ಪನ ಕಾಲು ಮುರಿಯಿತು. ನ್ಯಾಯಾಲಯ ದಂಡ ಹಾಕಿ, ಲೈಸೆನ್ಸನ್ನು ಕೆಲವು ತಿಂಗಳು ಕಿತ್ತುಕೊಂಡಿತು. ಅದು ವಾಪಸು ಬಂದ ವಾರವೇ ಪಾರವ್ವ ತಮ್ಮನಿಗೆ ಹೇಳಿ ನನ್ನನ್ನು ತರಿಸಿದ್ದಳು.

“ಕೋರ್ಟಿನ್ಯಾಂವ ಬಿಟ್ಟಾನ. ನಾ ಬಿಟ್ಟಿಲ್ಲ,” ಎಂದಳು. “ಇದು ಜೀಪಿನ್ಯಾಗ ಇರ್ತೈತಿ. ಇಲ್ಲಾಂದ್ರ ಈ ಮನ್ಯಾಗ ನಾ ಇರೂದಿಲ್ಲ.”

ವಿರೂಪಾಕ್ಷಿ ಸ್ಟೇರಿಂಗಿನ ಕೆಳಗೆ ನನ್ನನ್ನು ತಿರುಪು ಹಾಕಿ ಕೂರಿಸುವಾಗ ಬ್ಯಾಟರಿ ಹಿಡಿದು ಬೆಳಕು ತೋರಿದವನು ಮಡಿವಾಳಪ್ಪನೇ.

ಬಸ್ ನಿಲ್ದಾಣದಲ್ಲಿ ಉಳಿದ ಚಾಲಕರು ಅವನನ್ನು ಬಿಡಲಿಲ್ಲ. “ಏ ಮಡಿವಾಳಪ್ಪ, ಪುಂಗಿ ಊದಾಕ ಹತ್ತೀಯಲ್ಲೋ, ಹಾವು ಹೊರಗ ಬಂತೇನು?” ಎನ್ನುತ್ತಿದ್ದರು. ಜೀಪು ಹತ್ತಿದ ಜನ ಕತ್ತು ಚಾಚಿ ನೋಡುತ್ತಿದ್ದರು. ಅವನು ಯಾರ ಮುಖವನ್ನೂ ನೋಡದೆ ನನ್ನೊಳಗೆ ಊದುತ್ತಿದ್ದ. ಅವನ ‘ಹೂಂ’ ಬಾವಿಗೆ ಬಿದ್ದ ಕಲ್ಲಿನಂತಿತ್ತು. ಅದು ಹಾಡುಗಾರನ ಗಂಟಲೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತಗ್ಗಿಗೆ ಬಿದ್ದ ದಿನದಿಂದ ಅವನು ಭಜನೆಗೆ ಹೋಗಿರಲಿಲ್ಲ.

ಶುರುವಿನಲ್ಲಿ ಒಮ್ಮೆ ಅವನು ನನ್ನನ್ನು ಪರೀಕ್ಷಿಸಿದ. ಸಂತೆಯ ಸಂಜೆ ಒಂದಿಷ್ಟು ಕುಡಿದು ಬಂದು ಊದಿದ. ಕೆಂಪು ದೀಪ ಉರಿಯಿತು. ಜೀಪನ್ನು ಅಲ್ಲೇ ಬಿಟ್ಟು ನಡೆದು ಮನೆ ಸೇರಿದ. ಪಾರವ್ವ ಬಾಗಿಲಲ್ಲಿ ನಿಂತಿದ್ದಳಂತೆ. ಮರುದಿನ ಅವಳೇ ಅವನ ಜೊತೆ ಬಂದು ಸೀಟಿನಲ್ಲಿ ಕೂತಳು. ಬೈಯಲಿಲ್ಲ. ಅವನು ಊದುವುದನ್ನೇ ನೋಡಿದಳು. ಅದಾದ ಮೇಲೆ ನನ್ನೊಳಗೆ ಮಿಂಚು ಹರಿಯಲಿಲ್ಲ. ಆ ಒಂದು ದಿನ ಬರುವ ತನಕ.

ಮಗಳು ದಾನಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು. ಹಡೆದು ಎರಡು ವಾರವಾಗಿತ್ತು. ಕೂಸನ್ನು ನೋಡಲು ದಾನಮ್ಮನ ಅತ್ತೆ ಚೆನ್ನಬಸವ್ವ ಬಂದು ಉಳಿದಿದ್ದಳು. ಜೀಪು ಅಂಗಳದಲ್ಲಿ, ಬಾಣಂತಿ ಕೋಣೆಯ ಕಿಟಕಿಯ ಪಕ್ಕದಲ್ಲೇ ನಿಲ್ಲುತ್ತಿತ್ತು. ಲೋಬಾನದ ಹೊಗೆ, ಅಜವಾನದ ವಾಸನೆ, ಕೂಸಿನ ಅಳು ಎಲ್ಲವೂ ನನ್ನ ತನಕ ಬರುತ್ತಿದ್ದವು.

ಆ ಮಧ್ಯಾಹ್ನ ಊಟವಾದ ಮೇಲೆ ಮಡಿವಾಳಪ್ಪ ಮಗಳಿಗೆ ಬಾಣಂತಿಯರ ಅರಿಷ್ಟ ಕುಡಿಸಲು ಕೂತಿದ್ದ.

“ಒಲ್ಲೆ ಯಪ್ಪಾ, ಗಂಟಲ ಉರೀತೈತಿ.”

“ನೋಡಿಲ್ಲೆ, ಮೊದಲ ನಾ ಕುಡೀತೀನಿ. ಸಣ್ಣಾಕಿದ್ದಾಗ ಹಿಂಗ ಕುಡಿಸ್ತಿದ್ನಿಲ್ಲ?” ಎಂದು ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡ. “ಆಹಾ! ಕಬ್ಬಿನ ಹಾಲು ಬಿಡು!”

“ಸುಳ್ಳ. ನಿನ್ನ ಮಾರಿ ನೋಡು ಹೆಂಗಾತು!”

ಅವಳು ನಕ್ಕಳು. ಅವಳನ್ನು ಇನ್ನಷ್ಟು ನಗಿಸಲು ಅವನು ಇನ್ನೊಂದು ಮುಚ್ಚಳ ಕುಡಿದ. ಆಮೇಲೆ ಅವಳೂ ಕುಡಿದಳು.

ಬೆಲ್ಲ, ಬೇರುಗಳನ್ನು ಹುದುಗಿಟ್ಟು ಮಾಡುವ ಆ ಔಷಧದಲ್ಲಿ ಮದ್ಯ ತಾನಾಗಿಯೇ ಹುಟ್ಟಿಕೊಳ್ಳುತ್ತದೆಂದು ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಅಜ್ಜಿಯ ಕಾಲದಿಂದ ಬಾಣಂತಿಯರಿಗೆ ಕೊಟ್ಟದ್ದು. ಅದು ಔಷಧ, ಅಷ್ಟೇ.

ದಾನಮ್ಮ ಬಚ್ಚಲಿಗೆಂದು ಎದ್ದಳು. ಬಾಗಿಲ ತನಕವೂ ಹೋಗಲಿಲ್ಲ. “ಯವ್ವಾ!” ಎಂದ ಅವಳ ದನಿಯ ಹಿಂದೆಯೇ ಪಾರವ್ವನ ಚೀರಾಟ ಕೇಳಿಸಿತು. “ಅಯ್ಯೋ, ರಕ್ತ ನಿಲ್ಲವಲ್ದು! ಏನ್ರೀ, ಗಾಡಿ ತಗೀರಿ!”

ಮಡಿವಾಳಪ್ಪ ಓಡಿಬಂದು ಜೀಪು ಹತ್ತಿ ನನ್ನನ್ನು ಎಳೆದುಕೊಂಡ. ಊದಿದ. ಬೆಲ್ಲ, ಬೇರು, ಲವಂಗ. ಅವುಗಳ ಅಡಿಯಲ್ಲಿ ನನ್ನ ಪದರದ ಮೇಲೆ ಮಿಂಚು.

ಕೆಂಪು.

ಅವನು ದೀಪವನ್ನು ನೋಡಿದ. ಅದು ಬೇರೆ ಯಾರದೋ ಉಸಿರು ಎಂಬಂತೆ ತನ್ನ ಬಾಯಿ ಒರೆಸಿಕೊಂಡ. ಮತ್ತೆ ಊದಿದ. ಆದರೆ ಒಮ್ಮೆ ಕೆಂಪು ಬಂದರೆ ಸ್ವಲ್ಪ ಹೊತ್ತು ಯಾರ ಉಸಿರನ್ನೂ ತೆಗೆದುಕೊಳ್ಳಬಾರದೆಂದು ನನಗೆ ಕಟ್ಟಳೆಯಿದೆ. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಪಾರವ್ವ, ಚೆನ್ನಬಸವ್ವ ಇಬ್ಬರೂ ದಾನಮ್ಮನನ್ನು ಕೌದಿಯಲ್ಲಿ ಸುತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಚೆನ್ನಬಸವ್ವನ ಕಣ್ಣು ಕೆಂಪು ದೀಪದ ಮೇಲೆ ಬಿತ್ತು.

“ಹಗಲಾಗ ಏರಿಸೀರೇನ್ರಿ ಬೀಗರ? ಅದೂ ಬಾಣಂತಿ ಮನ್ಯಾಗ? ಬಾಯಾಗ ಭಜನಿ, ಬಗಲಾಗ ಬಾಟ್ಲಿ!”

“ಇಲ್ಲರಿ ಅಕ್ಕಾರ... ನನ್ನ ಮಗಳ ಆಣಿ, ಇಲ್ಲ.”

“ಮಗಳ ಆಣಿ ಬ್ಯಾರೆ ಹಾಕ್ತೀರಿ, ಅಕಿ ಇಲ್ಲೆ ಹಿಂಗ ಬಿದ್ದಾಗ!”

ಆಂಬುಲೆನ್ಸಿಗೆ ಫೋನು ಹೋಗಿತ್ತು. ಅದು ಇನ್ನೊಂದು ಊರಿನ ಕೇಸಿಗೆ ಹೋಗಿದೆ, ಬರಲು ಹೊತ್ತಾಗುತ್ತದೆ ಎಂದರು. ಊರಿನ ಇನ್ನೊಂದು ಜೀಪು ಉಳ್ಳಾಗಡ್ಡಿ ಹೇರಿಕೊಂಡು ಮಾರುಕಟ್ಟೆಗೆ ಹೋಗಿತ್ತು. ಹಿಂದಿನ ಸೀಟಿನಿಂದ ದಾನಮ್ಮನ ಉಸಿರು ನನಗೆ ಕೇಳಿಸುತ್ತಿತ್ತು. ಒಂದು ಉಸಿರಿಗೂ ಮುಂದಿನದಕ್ಕೂ ನಡುವೆ ಜಾಗ ಹೆಚ್ಚುತ್ತಿತ್ತು. ಉಸಿರನ್ನು ಅಳೆಯಲೆಂದೇ ಹುಟ್ಟಿದ ನಾನು ಆ ಉಸಿರಿಗಾಗಿ ಏನನ್ನೂ ಮಾಡಲಾರದೆ ಕೂತಿದ್ದೆ.

“ಪಾರವ್ವ, ನೀನ ಊದವ್ವ,” ಎಂದಳು ಚೆನ್ನಬಸವ್ವ. “ಗಾಡಿ ಚಾಲೂ ಆದ್ರ ಸಾಕು.”

ಪಾರವ್ವನ ಕೈ ನನ್ನ ಕಡೆ ಬಂತು. ಅರ್ಧದಲ್ಲಿ ನಿಂತಿತು. ಅವಳು ಊದಿದರೆ ನಾನು ದಾರಿ ಬಿಡುತ್ತೇನೆ. ಗಾಡಿ ಹೊರಡುತ್ತದೆ. ಆದರೆ ಓಡಿಸುವವನು ಕುಡಿದಿದ್ದರೆ? ತಗ್ಗು ಅದೇ ದಾರಿಯಲ್ಲಿತ್ತು. ಊದದಿದ್ದರೆ ಮಗಳು ಇಲ್ಲೇ ಬರಿದಾಗುತ್ತಾಳೆ.

ಅವಳು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಬಾಯಿ ತಗೀರಿ,” ಎಂದಳು. ಮೂಗನ್ನು ಅವನ ತುಟಿಯ ತನಕ ತಂದು ಮೂಸಿದಳು. ಎಷ್ಟೋ ವರ್ಷ ಬಾಗಿಲಲ್ಲಿ ನಿಂತು, ಅವನು ಮಾತಾಡುವ ಮೊದಲೇ ಅವನ ಉಸಿರನ್ನು ಓದಿದವಳು ಅವಳು. ನನಗೆ ಮದ್ಯವೆಂದರೆ ಮದ್ಯ. ಅವಳಿಗೆ ಹಾಗಲ್ಲ.

“ಇದು ಅರಿಷ್ಟದ ವಾಸನಿ,” ಎಂದಳು. “ಅರಿಷ್ಟ ಕುಡದೀರಿ?”

“ಅಕಿಗೆ ಕುಡಿಸಾಕ... ಎರಡು ಮುಚ್ಚಳ.”

ಅವಳು ಅಂಗಳದ ಕೊಡದಿಂದ ತಂಬಿಗೆ ನೀರು ಮೊಗೆದು ತಂದಳು. “ಮುಕ್ಕಳಿಸ್ರಿ. ಇನ್ನೊಮ್ಮಿ. ಇನ್ನೊಮ್ಮಿ.” ಅವನು ಕೆಮ್ಮುವ ತನಕ ಮುಕ್ಕಳಿಸಿದ. ನನ್ನ ಕಟ್ಟಳೆಯ ಹೊತ್ತು ಅಷ್ಟರಲ್ಲಿ ಮುಗಿಯಿತು. ಪಾರವ್ವ ನನ್ನನ್ನು ಎತ್ತಿ ಗಂಡನ ಕೈಗೆ ಕೊಟ್ಟಳು.

“ಅವರ ಕೈಯಾಗ ಮತ್ಯಾಕ ಕೊಡ್ತೀಯವ್ವ!” ಎಂದಳು ಚೆನ್ನಬಸವ್ವ.

“ಓಡಸಾವ್ರು ಅವರು. ಅವರ ಊದ್ಲಿ. ಕೆಂಪಾದ್ರ ಮಗಳ್ನ ಹೊತಗೊಂಡು ನಡೀತೀನಿ, ಈ ಗಾಡ್ಯಾಗ ಒಯ್ಯೂದಿಲ್ಲ.”

ಮಡಿವಾಳಪ್ಪ ಕಣ್ಣು ಮುಚ್ಚಿ ಊದಿದ. ನಾನು ಆ ಉಸಿರನ್ನು ಬಾಗಿಲಿನಿಂದ ಗರ್ಭಗುಡಿಯವರೆಗೆ ಕರೆದೊಯ್ದೆ. ಬೇಕೆಂದರೂ ನಾನು ಸುಳ್ಳು ಹೇಳಲಾರೆ. ಆ ಶಕ್ತಿಯನ್ನು ನನಗೆ ಯಾರೂ ಕೊಟ್ಟಿಲ್ಲ. ನೀರಿನ ತಂಪು. ಲವಂಗದ ಕೊನೆಯ ಎಳೆ. ಅರಿಷ್ಟ ಬಾಯಲ್ಲಷ್ಟೇ ಇತ್ತು, ಎದೆಯಾಳದ ಉಸಿರಿನಲ್ಲಿರಲಿಲ್ಲ. ಪದರ ಸುಮ್ಮನಿತ್ತು.

ಹಸಿರು.

ಜೀಪು ಅಂಗಳ ದಾಟಿತು. ತಗ್ಗಿನ ತಿರುವನ್ನು ಅವನು ತುಂಬಿದ ಕೊಡ ಹೊತ್ತವನ ಹಾಗೆ ದಾಟಿಸಿದ. ನಡುದಾರಿಯಲ್ಲಿ ನನ್ನ ಇನ್ನೊಂದು ಕಟ್ಟಳೆ ಬಂತು: ಓಡುವ ಗಾಡಿಯಲ್ಲೂ ಆಗಾಗ ಉಸಿರು ಕೇಳಬೇಕು. ನಾನು ಕೀಂ ಎಂದೆ.

“ಇದರ ಮನಿ ಹಾಳಾಗ್ಲಿ!” ಎಂದಳು ಚೆನ್ನಬಸವ್ವ, ಕೂಸನ್ನು ಎದೆಗೆ ಒತ್ತಿಕೊಂಡು.

ಅವನು ವೇಗ ತಗ್ಗಿಸಿ, ಒಂದು ಕೈಯಲ್ಲಿ ನನ್ನನ್ನು ತೆಗೆದುಕೊಂಡು ಊದಿದ. ಈ ಸಲ ಆ ‘ಹೂಂ’ ಕಲ್ಲಿನಂತೆ ಬೀಳಲಿಲ್ಲ. ಹೆದರಿದ ಗಂಟಲು ತನಗೆ ಗೊತ್ತಿದ್ದ ದಾರಿಯನ್ನು ತಾನೇ ಹಿಡಿಯಿತು. ನಾದ ಮೇಲೇರಿತು, ತಿರುಗಿತು, ಒಂದು ಭಜನೆಪದದ ಪಲ್ಲವಿಯ ಆಕಾರ ಪಡೆಯಿತು. ಹಸಿರು ಬಂದ ಮೇಲೂ ಅದು ನಿಲ್ಲಲಿಲ್ಲ. ನನ್ನನ್ನು ಕೆಳಗಿಟ್ಟ ಮೇಲೂ ಅವನು ಗುನುಗುತ್ತಿದ್ದ. ಆಮೇಲೆ ತನಗೇ ನಾಚಿಕೆಯಾದಂತೆ ನಿಲ್ಲಿಸಿದ.

ಹಿಂದಿನಿಂದ ದಾನಮ್ಮನ ದನಿ ಬಂತು. ಎಳೆಯಷ್ಟು ಸಣ್ಣದು. “ಯಪ್ಪಾ... ನಿಲ್ಲಸಬ್ಯಾಡ.”

ಅವನು ಹಾಡಿದ. ತಾಲ್ಲೂಕು ಆಸ್ಪತ್ರೆಯ ಗೇಟಿನವರೆಗೆ, ನಡುಗುವ ದನಿಯಲ್ಲಿ, ಎಲ್ಲೂ ತಪ್ಪದೆ ಹಾಡಿದ. ಪ್ರತಿ ನುಡಿ ಮುಗಿದಾಗ ಹಿಂದೆ ಒಂದು ಉಸಿರು ಇದೆಯೇ ಎಂದು ನಾನೂ ಅವನೂ ಕಿವಿಗೊಡುತ್ತಿದ್ದೆವು. ಇತ್ತು.

ದಾನಮ್ಮ ಬದುಕುಳಿದಳು. ಮನೆಗೆ ಕರೆತರುವ ದಿನ ಜೀಪು ಹತ್ತುವ ಮೊದಲು ಚೆನ್ನಬಸವ್ವ ಮಡಿವಾಳಪ್ಪನನ್ನು ತಡೆದು ನಿಲ್ಲಿಸಿದಳು. ಅಂದು ಆಡಿದ ಮಾತು ಅವಳ ಬಾಯಲ್ಲಿ ಇನ್ನೂ ಮುಳ್ಳಿನಂತಿತ್ತೋ ಏನೋ. “ಬೀಗರ, ಇನ್ನ ಮ್ಯಾಲೆ ಔಷಧ ನಾ ಕುಡಿಸ್ತೀನಿ. ನೀವು ದೂರ ಕುಂತು ಹಾಡ್ರಿ,” ಎಂದಳು.

ಕೆಲವು ದಿನಗಳ ಮೇಲೆ, ಭಜನೆಯ ಸಂಜೆ, ಜೀಪು ಬಸಲಿಂಗಪ್ಪನ ಮನೆಯ ಮುಂದೆ ನಿಂತಿತು. ಮಡಿವಾಳಪ್ಪ ಇಳಿಯಲೂ ಇಲ್ಲ, ಕರೆಯಲೂ ಇಲ್ಲ. ಬಸಲಿಂಗಪ್ಪ ಕುಂಟುತ್ತಾ ತಾನೇ ಹೊರಗೆ ಬಂದ. ಬಗಲಲ್ಲಿ ತಾಳ.

“ಭಜನಿಗೆ ಬರ್ತೀನಿ,” ಎಂದ. “ಖರೆ, ಹತ್ತೂಕಿಂತ ಮೊದಲ ನನ್ನ ಮುಂದ ಊದು. ಇನ್ನೊಂದ ಕಾಲು ಉಳದೈತಿ ನನಗ.”

ಮಡಿವಾಳಪ್ಪ ಊದಿದ. ಬಸಲಿಂಗಪ್ಪ ಹಸಿರು ದೀಪವನ್ನು ಬಗ್ಗಿ ನೋಡಿ, ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡು ಕೂತ.

ಈಗ ನಾನು ಮುದಿಯಾಗಿದ್ದೇನೆ. ನನ್ನ ಪದರ ಸವೆದು, ಯಾವ ಉಸಿರು ಯಾವುದೆಂದು ತಿಳಿಯದಾಯಿತು. ವಿರೂಪಾಕ್ಷಿ ಬಂದು ನೋಡಿ, “ಇದರ ಕೆಲಸ ಮುಗೀತಕ್ಕಾ,” ಎಂದು ತಿರುಪು ಬಿಚ್ಚಿದ. ಪಾರವ್ವ ಇನ್ನೊಂದು ತರಿಸೆನ್ನಲಿಲ್ಲ. ನನ್ನನ್ನು ಪಡಸಾಲೆಯ ಗೂಡಿನಲ್ಲಿ, ತಾಳ ಮತ್ತು ವಿಭೂತಿಗಟ್ಟಿಯ ಪಕ್ಕದಲ್ಲಿ ಇಟ್ಟಳು.

ನನಗೀಗ ವೈರಿಲ್ಲ, ದೀಪವಿಲ್ಲ. ಆದರೂ ಮಡಿವಾಳಪ್ಪ ಬೆಳಿಗ್ಗೆ ಜೀಪಿನ ಕೀಲಿ ತೆಗೆದುಕೊಳ್ಳುವ ಮೊದಲು ಗೂಡಿನ ಮುಂದೆ ನಿಲ್ಲುತ್ತಾನೆ. ಹಣೆಗೆ ವಿಭೂತಿ ಹಚ್ಚಿಕೊಂಡು, ನನ್ನನ್ನು ಎತ್ತಿ, ಊದುತ್ತಾನೆ. ಊದಿ, ಉತ್ತರಕ್ಕಾಗಿ ಒಂದು ಕ್ಷಣ ಕಾಯುತ್ತಾನೆ.

ಅಡುಗೆಮನೆಯಲ್ಲಿ ಪಾರವ್ವ ರೊಟ್ಟಿ ಬಡಿಯುವ ಸದ್ದು ಆ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಮತ್ತೆ ಶುರುವಾಗುತ್ತದೆ. ಅವನು ಕೀಲಿ ತೆಗೆದುಕೊಂಡು ಹೊರಡುತ್ತಾನೆ.