ಇವಳ ಹಾಗೇ

ನಮ್ಮವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಲೈಬ್ರರಿಯವಳ ಬಾಯಿಂದ. ಮಧ್ಯಾಹ್ನ ಬಾಗಿಲಲ್ಲಿ ನಿಂತು, “ಅಮ್ಮಾ, ಯಜಮಾನ್ರು ಓದ್ತಾ ಕೂತಿದ್ದವರು ಹೋಗ್ಬಿಟ್ರು. ಜೋರಾಗಿ ನಕ್ರು, ಆಮೇಲೆ ತಲೆ ವಾಲಿಸಿದ್ರು” ಎಂದಳು. ದೇವರು ನನ್ನನ್ನು ಕ್ಷಮಿಸಲಿ, ಕಣ್ಣೀರು ಬರುವುದಕ್ಕೂ ಮೊದಲು ಹೊಟ್ಟೆ ಉರಿಯಿತು. ಅವರ ಕೊನೆಯ ನಗು ಈ ಹೆಂಗಸಿನ ಪಾಲಾಯಿತಲ್ಲ!

ಅವರು ಬೀಗ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟ ಮೇಲೆ ದಿನವೂ ಲೈಬ್ರರಿ. ಓದುತ್ತಿದ್ದದ್ದು ಬರೀ ನಗೆ ಕಾದಂಬರಿಗಳು: ಸುಳ್ಳು ಹೇಳಿ ಸಿಕ್ಕಿಬೀಳುವ ಗುಮಾಸ್ತ, ತನ್ನ ಔಷಧಿಗೆ ತಾನೇ ಹೆದರುವ ವೈದ್ಯ, ಇಂಥವರ ಕಥೆ. ಮದುವೆಯಾದ ಹೊಸದರಲ್ಲಿ ನನಗೂ ಓದಿ ಹೇಳಲು ಬಂದಿದ್ದರು.

“ಕೆಟ್ಟವರನ್ನ ನೋಡಿ ನಗೋದೇನು? ದೇವರ ಪುಸ್ತಕ ಓದಿ” ಎಂದಿದ್ದೆ.

“ಕೆಟ್ಟವರಲ್ಲ ಕಣೇ, ನಮ್ಮಂಥವರು” ಎಂದು ಪುಸ್ತಕ ಮುಚ್ಚಿದರು. ಮತ್ತೆಂದೂ ನನ್ನೆದುರು ತೆರೆಯಲಿಲ್ಲ.

ಎರಡು ವಾರದ ಮೇಲೆ ಅವಳು ಮತ್ತೆ ಬಂದಳು. ಅಂದು ಅವರ ಕೈಯಲ್ಲಿದ್ದ ಪುಸ್ತಕ ತಂದಿದ್ದಳು. ತೆರೆದರೆ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಅವರ ಅಕ್ಷರ: “ಇವಳ ಹಾಗೇ.”

“ಯಾರು ಇವಳು? ನೀನೇ ತಾನೆ?” ಎಂದೆ.

“ಅಯ್ಯೋ ಅಮ್ಮಾ! ನನ್ನನ್ನ ಅವರು ಕರೀತಿದ್ದದ್ದು ಉಶ್ಶಮ್ಮ ಅಂತ. ಅವರು ನಕ್ಕಾಗಲೆಲ್ಲ ನಾನು ಉಶ್ ಅಂತಿದ್ನಲ್ಲ! ಇವಳು ಅಂದ್ರೆ ನೀವು. ಗಂಡ ಹೆಂಡತೀನ ಇನ್ನೇನಂತಾನೆ?”

ಆ ಗುರುತಿನ ಪಕ್ಕದ ಸಾಲುಗಳನ್ನು ಓದಿದೆ. ಒಬ್ಬ ಭಕ್ತೆ ಕಣ್ಣು ಮುಚ್ಚಿ ಜಪಕ್ಕೆ ಕೂತಿದ್ದಾಳೆ. ನಡುವೆ “ಹಾಲು ಉಕ್ತು, ಒಲೆ ಆರಿಸ್ರೀ!” ಎಂದು ಕಿರುಚಿ, ಬಿಟ್ಟ ನಾಮದಿಂದಲೇ ಮುಂದುವರಿಸುತ್ತಾಳೆ. ಥೇಟ್ ನಾನೇ. ನಗು ಬಂತು, ಅದರ ಬೆನ್ನಿಗೇ ಅಳು.

“ಇದನ್ನೆಲ್ಲ ನಿನಗೆ ಓದಿ ಹೇಳ್ತಿದ್ರಾ?”

“ದಿನಾ. ನೀವೂ ನಾನೂ ಕೂತು ಮಾತಾಡಿದ್ದೇ ಇಲ್ಲ, ಆದ್ರೂ ನೀವು ನನಗೆ ಚೆನ್ನಾಗಿ ಗೊತ್ತು ಅಮ್ಮಾ.”

ಮತ್ತೆ ಉರಿ ಎದ್ದಿತು. ಪ್ರೀತಿಯ ಮಾತು ನನ್ನ ಬಗ್ಗೆ, ಕೇಳಿದ ಕಿವಿ ಅವಳದು. ನಲವತ್ತು ವರ್ಷ ಕಿವಿ ಮುಚ್ಚಿಕೊಂಡವಳು ಯಾರನ್ನು ದೂರಲಿ? ಪುಸ್ತಕವನ್ನು ಅವಳ ಕೈಗಿಟ್ಟೆ.

“ಕೂತ್ಕೋ. ಅವರು ಓದ್ತಿದ್ದ ಹಾಗೇ ಓದು.”

ಅವಳು ಓದಿದಳು. ಎಲ್ಲಿ ತಡವರಿಸುತ್ತಿದ್ದರು, ಎಲ್ಲಿ ಕೆಮ್ಮುತ್ತಿದ್ದರು, ಎಲ್ಲವೂ ಅವಳಿಗೆ ಬಾಯಿಪಾಠ. ಅಸೂಯೆಯಿಂದಲೇ ಕೇಳಿದೆ, ಒಂದು ಮಾತೂ ಬಿಡದೆ ಕೇಳಿದೆ. ಕೊನೆಯ ದಿನ ಅವರು ನಿಲ್ಲಿಸಿದ್ದ ಸಾಲು ಬಂದಾಗ ಅವಳೂ ನಿಲ್ಲಿಸಿದಳು. ನಾನು ಕೈಮುಗಿದೆ.

ಭಗವಂತಾ, ನನ್ನೊಳಗಿನ ಕಿಚ್ಚನ್ನು ನೀನೇ ತಣಿಸು. ಅವರನ್ನು ನಿನ್ನ ಪಾದದ ಬಳಿ ಕೂರಿಸಿಕೋ, ನಕ್ಕರೆ ನನ್ನ ಹಾಗೆ ಗದರಬೇಡ. ಅವರ ಆತ್ಮಕ್ಕೆ ಶಾಂತಿ ಸಿಗಲಿ.