ಪಟದ ಕೆಳಗಿನ ತೂಕ

ತೂಕದ ಯಂತ್ರದ ಅಂಕಿಗೆ ರಟ್ಟಿನ ತುಂಡೊಂದನ್ನು ಅಡ್ಡ ಅಂಟಿಸಿ, ಟೇಪಿನ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ಕೂರಿಸುತ್ತಿದ್ದಳು ಆಪ್ತಸಲಹೆಗಾರ್ತಿ. ಹುಡುಗಿ ಚಪ್ಪಲಿ ಬಿಟ್ಟು ಕಾದು ನಿಂತಿದ್ದಳು. ಊಟವೆಂದರೆ ಹೆದರುವ ಮಕ್ಕಳ ಆ ಆಸ್ಪತ್ರೆಯಲ್ಲಿ ಯಾರಿಗೂ ಅವರ ತೂಕ ತಿಳಿಸುವಂತಿಲ್ಲ. ಅಂಕಿಗೆ ಬೆನ್ನು ಮಾಡಿಯೇ ಹತ್ತಬೇಕು. ಆ ನಿಯಮ ತಂದವಳೇ ಈ ಸಲಹೆಗಾರ್ತಿ. ಹದಿನೈದು ವರ್ಷದ ಹಿಂದೆ ಇದೇ ಕಾಯಿಲೆಯಲ್ಲಿ ಮೂಳೆ ಚಕ್ಕಳವಾಗಿದ್ದು, ಒಂದೊಂದೇ ತುತ್ತು ನುಂಗಿ ಎದ್ದುಬಂದವಳು.

ಹುಡುಗಿ ಹತ್ತಿದಳು. ಸಲಹೆಗಾರ್ತಿ ರಟ್ಟನ್ನು ತುಸುವೇ ಎತ್ತಿ ನೋಡಿದಳು. ತೂಕ ಮತ್ತೆ ಇಳಿದಿತ್ತು.

"ಎಷ್ಟಕ್ಕಾ?"

"ಹೇಳಲ್ಲ ಅಂತ ಗೊತ್ತಲ್ಲ."

"ಬೇಡ ಬಿಡಿ. ನಿಮ್ಮ ಆಗಿನದಕ್ಕಿಂತ ಇನ್ನೂ ಜಾಸ್ತೀನೇ ಇರುತ್ತೆ." ಹುಡುಗಿ ಬಂದಾಗಿನಿಂದ ಮೊದಲ ಸಲ ನಕ್ಕಳು. "ಅಷ್ಟಕ್ಕೆ ಇಳಿದೂ ಈಗ ಗುಂಡುಕಲ್ಲಿನ ಹಾಗಿದೀರಲ್ಲ! ನಾನೂ ಅಷ್ಟಕ್ಕೆ ಮುಟ್ಟಿ, ಆಮೇಲೆ ಊಟ ಮಾಡ್ತೀನಿ. ಪ್ರಾಮಿಸ್."

"ನನ್ನ ಆಗಿನ ತೂಕ ಯಾರು ಹೇಳಿದ್ದು ನಿಂಗೆ?"

"ದೊಡ್ಡ ಡಾಕ್ಟರ ರೂಮಲ್ಲಿ ನಿಮ್ಮ ಫೋಟೋ ಕೆಳಗೆ ಬರೆದು ನೇತುಹಾಕಿದಾರಲ್ಲ."

ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ಒಂದೇ ಪಟದಲ್ಲಿ ತನ್ನ ಆಗಿನದೊಂದು, ಈಗಿನದೊಂದು ಚಿತ್ರ ಅಕ್ಕಪಕ್ಕ, ಕೆಳಗೆ ತೂಕ. ಬಂದವರಿಗೆ ಧೈರ್ಯವಾಗಲಿ ಎಂದು ಡಾಕ್ಟರು ಕೇಳಿದಾಗ ತಾನೇ ಬಾಯಿಬಿಟ್ಟು ಹೇಳಿದ್ದಳು, ಅದೂ ಒಂಥರಾ ಹೆಮ್ಮೆಯಿಂದ. ದಿನಾ ಯಂತ್ರದ ಬಾಯಿ ಮುಚ್ಚುವವಳಿಗೆ, ತನ್ನದೇ ಅಂಕಿ ಗೋಡೆಯ ಮೇಲೆ ತೆರೆದಿರುವುದು ತಪ್ಪೆಂದು ಹೊಳೆದಿರಲೇ ಇಲ್ಲ.

ಬಾಗಿಲು ತಟ್ಟದೆ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಡಾಕ್ಟರ ಎದುರು ಹುಡುಗಿಯ ತಾಯಿ ಕೂತಿದ್ದರು.

"ಸಾರ್, ಆ ಫೋಟೋ ತೆಗೀರಿ. ಮಗು ಅದರಲ್ಲಿರೋ ತೂಕಾನೇ ಗುರಿ ಮಾಡ್ಕೊಂಡಿದೆ."

"ಯಾಕಮ್ಮ ಹೀಗೆ ಕೂಗಾಡ್ತೀರಿ? ಅದನ್ನ ನೋಡೇ ಜನ ನಮ್ಮನ್ನ ನಂಬೋದು."

ತಾಯಿ ಅಂಗಲಾಚಿದರು. "ತೆಗೀಬೇಡೀಮ್ಮ. ಅಷ್ಟು ಇಳಿದ ನೀವೇ ಬದುಕಿದೀರಿ ಅಂದ್ಮೇಲೆ ನಮ್ಮ ಪುಟ್ಟಿಗೇನಾಗುತ್ತೆ? ಅದನ್ನ ನೋಡ್ಕೊಂಡೇ ಜೀವ ಹಿಡ್ಕೊಂಡಿದೀನಿ."

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಅದಕ್ಕೆ ಜಾಗ ಬಿಟ್ಟಿರಲಿಲ್ಲ.

"ನನ್ನ ಪಕ್ಕದ ಹಾಸಿಗೇಲಿ ಒಬ್ಬಳಿದ್ದಳು. ನನ್ನದೇ ವಯಸ್ಸು, ನನ್ನದೇ ತೂಕ. ಒಂದಿನ ಬೆಳಗ್ಗೆ ಹಲ್ಲುಜ್ಜೋಕೆ ಅಂತ ಎದ್ದಳು, ಬಿದ್ದಳು. ಅಷ್ಟೇ."

ತಾಯಿ ಮಡಿಲಿನ ಕೈಚೀಲವನ್ನು ಅವುಚಿಕೊಂಡರು. ಪಟದ ಪಕ್ಕದ ಬರಿಗೋಡೆಯ ಮೇಲೆ ಅವಳು ಅಂಗೈ ಊರಿದಳು.

"ಇಲ್ಲಿ ಅವಳ ಫೋಟೋನೂ ಹಾಕಿ, ಸಾರ್. ಕೆಳಗೆ ಅದೇ ತೂಕ ಬರೀರಿ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.