ಹಂಚಿಹೋದ ಕಿಟಕಿ

ಗಂಡ ನೆನು ತೀರಿಕೊಂಡ ಮೂರನೇ ವಾರ, ಬಾಡಿಗೆ ಮನೆಗಳ ದಲ್ಲಾಳಿಯಾಗಿದ್ದ ಅವನ ಅಕ್ಕನ ಮಗ ರೂಬೆನ್ ಸ್ಲೀಮಾ ಪಟ್ಟಣದ ಮನೆಗೆ ಬಂದು ಸಲ್ವೀನಾಳ ಎದುರು ಕೂತ.

"ಅತ್ತೆ, ಮೇಲಿನ ನಿಮ್ಮ ಫ್ಲ್ಯಾಟಿಗೆ ಮೂರು ಲಕ್ಷ ಯೂರೋ ಬೆಲೆಯಿದೆ. ಇಡಿಯಾಗಿ ಒಬ್ಬರಿಗೇ ಕೊಟ್ರೆ ಬಾಡಿಗೆ ವರ್ಷಕ್ಕೆ ನೂರಕ್ಕೆ ನಾಲ್ಕೂ ಹುಟ್ಟಲ್ಲ. ನಾಲ್ಕು ಕೋಣೆ ಮಾಡಿ ಒಬ್ಬೊಬ್ಬರಿಗೆ ಕೊಟ್ರೆ ಏಳು ಹುಟ್ಟುತ್ತೆ. ಮಾಲ್ಟಾ ಇರೋದೇ ಅಂಗೈಯಗಲ, ಜನ ಮುಗಿಬೀಳ್ತಾರೆ."

"ಏನಾದ್ರೂ ಮಾಡಪ್ಪ," ಎಂದಳು ಸಲ್ವೀನಾ. ಶವಪೆಟ್ಟಿಗೆಯ ಮರ ಆರಿಸುವಾಗಲೂ ಅವಳು ಅದನ್ನೇ ಹೇಳಿದ್ದಳು. ಅಳು ಬಂದಿರಲಿಲ್ಲ. ಬಾಯಿಗಿಟ್ಟ ಸೂಪಿಗೆ ಉಪ್ಪಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಈಸ್ಟರ್ ಕಳೆದಮೇಲೆ ನಾಲ್ವರು ಹೆಂಗಸರು ಬಾಡಿಗೆಗೆ ಬಂದರು. ಅವರಲ್ಲೊಬ್ಬಳು, ಹೋಟೆಲಿನಲ್ಲಿ ಕೋಣೆ ಗುಡಿಸುವ ನೇಪಾಳದ ಪಬಿತ್ರಾ, ಒಂದು ದಿನ ಕೆಳಗಿಳಿದು ಬಂದಳು.

"ಅಮ್ಮಾ, ತಪ್ಪು ತಿಳೀಬೇಡಿ. ಎರಡು ಕೋಣೆಗೂ ಒಂದೇ ಕಿಟಕಿ. ನಾನು ತೆಗೆದ್ರೆ ಪಕ್ಕದವಳ ಮುಖಕ್ಕೆ ಬೆಳಕು ಬಡಿಯುತ್ತೆ. ಅವಳಿಗೆ ರಾತ್ರಿ ಪಾಳಿ, ಹಗಲು ನಿದ್ದೆ."

ಸಲ್ವೀನಾ ಮೇಲೆ ಹತ್ತಿ ನೋಡಿದಳು. ಸಮುದ್ರ ಕಾಣಲೆಂದು ನೆನು ಹಠ ಹಿಡಿದು ಅಗಲ ಮಾಡಿಸಿದ್ದ ಕಿಟಕಿಯ ನಟ್ಟನಡುವೆ ಪ್ಲೈವುಡ್ ಗೋಡೆ ನಿಂತಿತ್ತು. ಎದೆಯಲ್ಲಿ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ. ಆದರೂ ಅಲ್ಲಿಂದಲೇ ರೂಬೆನ್‌ಗೆ ಫೋನ್ ಮಾಡಿದಳು.

"ಈ ಹಲಗೆ ತೆಗೆಸು. ರಾತ್ರಿ ಪಾಳಿಯವಳು ಕೆಳಗೆ ನನ್ನ ಹಿಂದಿನ ಕೋಣೆಯಲ್ಲಿರ್ಲಿ. ಬಾಡಿಗೆ ಬೇಡ."

"ಅತ್ತೆ, ತಲೆ ನೆಟ್ಟಗಿದ್ಯಾ? ನೂರಕ್ಕೆ ಏಳು ಇದ್ದದ್ದು ಐದೂಕಾಲಿಗೆ ಇಳಿಯುತ್ತೆ!"

"ಇಳೀಲಿ ಬಿಡು."

ಮರುದಿನ ಬಡಗಿ ಬಂದು ಹಲಗೆ ಕಿತ್ತ. ಪಬಿತ್ರಾ ಕಿಟಕಿ ಪೂರ್ತಿ ತೆರೆದು, ನಗುತ್ತ ಕೈಮುಗಿದಳು. ಸಲ್ವೀನಾ ಹಿಂದಿನ ಕೋಣೆಯ ಹಾಸಿಗೆ ಸರಿಮಾಡಲು ಕೆಳಗಿಳಿದಳು.